ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು

ನಮ್ಮ ಮನೆಯ ಜಗಲಿಗೆ ಯಾರೇ ಹತ್ತಲಿ, ಮೊದಲು ಒಂದು ತುಂಡು ಬೆಲ್ಲ, ಒಂದು ಚೆಂಬು ನೀರು, ಅದು ಗಂಟಲಲ್ಲಿ ಇಳಿದ ಮೇಲೆ ಅಜ್ಜಿಯ ಪ್ರಶ್ನೆಗಳು. ಮನೆ ಇದ್ದದ್ದು ಮಾಣಿಯಲ್ಲಿ, ಹೆದ್ದಾರಿಯಿಂದ ಪುತ್ತೂರಿನ ದಾರಿ ಕವಲೊಡೆಯುವಲ್ಲಿಂದ ಒಂದು ಕೂಗಿನ ದೂರದಲ್ಲಿ. ಬಸ್ಸು ತಪ್ಪಿದವರು, ಬಸ್ಸಿಗೆ ಕಾದು ಸಾಕಾದವರು, ಮಗುವಿಗೆ ನೀರು ಬೇಕಾದವರು ಎಲ್ಲ ನಮ್ಮಲ್ಲಿಗೇ ಬರುವುದು. ಅಜ್ಜಿ, ಅಂದರೆ ನನ್ನ ಅಮ್ಮನ ಅಮ್ಮ, ಎಲೆಅಡಿಕೆಯ ಹರಿವಾಣ ಮುಂದಿಟ್ಟುಕೊಂಡು ಕಂಬಕ್ಕೆ ಬೆನ್ನು ಕೊಟ್ಟು ಕೂತಿರುತ್ತಿದ್ದಳು. ಬಂದವರು ಚೆಂಬು ಕೆಳಗಿಡುವುದೇ ತಡ, ತುಳುವಿನಲ್ಲಿ ಶುರು: "ವಾ ಊರು? ಏರೆನ ಇಲ್ಲ್? ಏರೆನ ಮಗಳ್?" ಯಾವ ಊರು, ಯಾರ ಮನೆ, ಯಾರ ಮಗಳು. ಮೂರನೆಯದಕ್ಕೆ ಉತ್ತರ ಬರುವಷ್ಟರಲ್ಲಿ ಆ ಹೆಂಗಸಿನ ಸೋದರಮಾವನ ಮದುವೆಯಲ್ಲಿ ಅಜ್ಜಿ ಊಟ ಮಾಡಿದ್ದು ಹೊರಗೆ ಬರುತ್ತಿತ್ತು. ನನಗೆ ಮಾತು ಬಂದದ್ದೇ ಆ ಕಂಬದ ಬುಡದಲ್ಲಿ. ಮುಂದೆ ಮೂಡಬಿದಿರೆಯ ಶಾಲೆಯೊಂದರಲ್ಲಿ ಇಂಗ್ಲಿಷ್ ಟೀಚರಾಗಿ, ಪ್ರಶ್ನೆಯ ಪದ ಮೊದಲು, ಅದರ ಬೆನ್ನಿಗೆ ನಾಮಪದ ಎಂದು ಮಕ್ಕಳಿಗೆ ಕಲಿಸುವಾಗಲೆಲ್ಲ ಮೂಗಿಗೆ ಎಲೆಅಡಿಕೆಯ ಘಾಟು ಬಡಿಯುತ್ತಿತ್ತು. ಯಾಕೆಂದರೆ ಆ ಪಾಠವನ್ನು ಮೊದಲು ಮಾಡಿದವಳು ಅವಳೇ.

"ಎಲ್ಲಿಯವರು ಅಂತ ಬರೀ ಕೇಳಬಾರದು ಮಗಾ. ಎಲ್ಲಿ ಅಂದ್ರೆ ಜನ ಅಲ್ಲಿ ಅಂತಾರೆ. ಏನು ಅಂದ್ರೆ ಏನಿಲ್ಲ ಅಂತಾರೆ. ಯಾವ ಮನೆ ಅಂತ ಕೇಳು ನೋಡುವ, ಮನೆ ಹೇಳದೆ ಅವನಿಗೆ ಬಿಡುಗಡೆ ಇಲ್ಲ."

ಒಳಗೆ ಬರುವವರಿಗೆ ಇಷ್ಟು ಪ್ರಶ್ನೆಗಳಿದ್ದ ಮನೆಯಲ್ಲಿ, ಹೊರಗೆ ಹೋಗುವವರಿಗೆ ಒಂದೂ ಇರಲಿಲ್ಲ. ಚಪ್ಪಲಿ ಮೆಟ್ಟಿದವರನ್ನು ಎಲ್ಲಿಗೆ ಎಂದು ಕೇಳಿದರೆ ಕೆಲಸ ಕೆಟ್ಟಿತು ಎಂದೇ ಲೆಕ್ಕ. ಬಾಯಿ ತಪ್ಪಿ ಯಾರಾದರೂ ಕೇಳಿದರೆ ಹೊರಟವರು ವಾಪಸು ಬಂದು, ಜಗಲಿಯಲ್ಲಿ ಕೂತು, ನೀರು ಕುಡಿದು, ಮತ್ತೆ ಹೊಸದಾಗಿ ಹೊರಡಬೇಕು. ತೀರ ಕೇಳಲೇಬೇಕಾದರೆ "ದೂರವಾ?" ಎನ್ನಬಹುದು. "ದೂರ ಇಲ್ಲ" ಎಂದು ಅವರು ಹೇಳಬಹುದು. ಬೊಂಬಾಯಿಗೆ ಹೋಗುವವರೂ ದೂರ ಇಲ್ಲ ಎಂದೇ ಹೇಳುವುದು.

ಅಪ್ಪ ಕುವೈತಿನಲ್ಲಿ ಅಡುಗೆಯವರು. ಒಬ್ಬ ಧಣಿಯ ಕೆಳಗೆ ಕೂಲಿಯವರಿಗೆ ಅನ್ನ ಬೇಯಿಸುವ ಕೆಲಸ. ರಜೆಗೆ ಬಂದಾಗ ನಮ್ಮ ಅಡುಗೆಮನೆಯನ್ನೂ ಬಿಡುತ್ತಿರಲಿಲ್ಲ. ಅಮ್ಮನನ್ನು ಎಬ್ಬಿಸಿ ತಾವೇ ಒಲೆಯ ಮುಂದೆ ಕೂತು, ಕುಚ್ಚಲಕ್ಕಿ ಗಂಜಿಗೆ ಒಗ್ಗುವಂತೆ ತಿಮರೆ ಸೊಪ್ಪಿನ ಚಟ್ನಿ ಅರೆಯುತ್ತಿದ್ದರು. ಆ ಸಲ ಹೊರಟ ದಿನ, ಚೀಲ ಹೆಗಲಿಗೇರಿಸಿ, ಅಜ್ಜಿಯ ಕಾಲು ಮುಟ್ಟಿ, ಅಂಗಳಕ್ಕೆ ಒಂದು ಕಾಲು ಇಟ್ಟ ಮೇಲೆ ಹೇಳಿದರು:

"ಅತ್ತೆ, ಈ ಸಲ ಹಳೇ ಧಣಿಯ ಹತ್ರ ಅಲ್ಲ. ಬೇರೆ ಕಡೆ ಕೆಲಸ ಸಿಕ್ಕಿದೆ."

ಮೊದಲೇ ಹೇಳಿದ್ದರೆ ಹೆಂಗಸರು ಹೆದರುತ್ತಾರೆಂದು ಅಷ್ಟು ದಿನ ಒಳಗೆ ಇಟ್ಟುಕೊಂಡಿದ್ದರೋ ಏನೋ. ಅಮ್ಮನ ತುಟಿ ಅಲುಗಿದ್ದನ್ನು ನಾನು ನೋಡಿದೆ. ಅವಳು ಕೇಳಲಿಲ್ಲ. ನಾನು "ಬೇರೆ ಕಡೆ ಅಂದ್ರೆ ಎಲ್ಲಿ..." ಎಂದು ಬಾಯಿ ತೆರೆದದ್ದಷ್ಟೇ, ಅಜ್ಜಿಯ ಬೆರಳುಗಳು ನನ್ನ ತೊಡೆಯನ್ನು ಹಿಡಿದು ತಿರುಪಿದವು. ಕಣ್ಣಲ್ಲಿ ನೀರು ಬಂತು. ಅಪ್ಪ, ಮಗಳು ತನಗಾಗಿ ಅಳುತ್ತಿದ್ದಾಳೆಂದು ತಲೆ ಸವರಿ ಹೋದರು. ಆಮೇಲೆ ಬಂದದ್ದು ಒಂದೇ ಕಾಗದ. ಅದರ ಹಿಂದೆ ಗಲ್ಫಿನ ಎಲ್ಲ ಕಾಗದಗಳ ಹಾಗೆ ಒಂದು ಪೋಸ್ಟ್ ಬಾಕ್ಸಿನ ನಂಬರು. ಬೀದಿ ಇಲ್ಲ, ಮನೆ ಇಲ್ಲ, ಧಣಿಯ ಹೆಸರಿಲ್ಲ.

ಅಮ್ಮ ಅದಕ್ಕೆ ಉತ್ತರ ಬರೆಸಬೇಕೆಂದು ಇದ್ದಾಗಲೇ ಕುವೈತಿಗೆ ಯುದ್ಧ ಬಂತು.

ಸುದ್ದಿ ತಂದವರು ಹಸನಾಕ. ಹಸನಬ್ಬ ಬ್ಯಾರಿ ಎಂದು ಊರಿಗೆ, ನಮಗೆ ಮಕ್ಕಳಿಗೆ ಹಸನಾಕ; ಜಂಕ್ಷನ್ನಿನಲ್ಲಿ ಅವರ ಜೀನಸಿನ ಅಂಗಡಿ, ಅದರಲ್ಲೊಂದು ಫೋನು. ಅವರ ಕಡೆಯವರೂ ಎಷ್ಟೋ ಜನ ಅಲ್ಲಿದ್ದರು. "ಅಮ್ಮಾ, ಅಲ್ಲಿಯ ತಂತಿ ಎಲ್ಲ ಕಡಿದು ಹೋಗಿದೆಯಂತೆ, ಫೋನು ಹತ್ತುವುದಿಲ್ಲ" ಎಂದು ಅಂಗಳದಲ್ಲೇ ನಿಂತು ಹೇಳಿದರು. ಅವತ್ತು ಅಜ್ಜಿ ಬೆಲ್ಲ ಕೊಡಲು ಮರೆತಳು. ಅಲ್ಲಿಂದ ನಮ್ಮ ಅಡುಗೆಮನೆ ರೇಡಿಯೋದ ಸುತ್ತ ತಿರುಗಿತು. ಸೆಲ್ ಮುಗಿಯುತ್ತ ಬಂದಾಗ ಬಿಸಿಲಿಗಿಡುವುದು ವಾಡಿಕೆ, ಆದರೆ ಅದು ಬಿಸಿಲೇ ಇಲ್ಲದ ಆಟಿ, ಜಡಿಮಳೆಯ ತಿಂಗಳು. ಅಮ್ಮ ಸೆಲ್ಲುಗಳನ್ನು ಒಲೆಯ ದಂಡೆಯ ಮೇಲೆ ಸಾಲಾಗಿ ಇಟ್ಟು ಬೆಚ್ಚಗೆ ಮಾಡುವಳು, ಮಗುವಿಗೆ ಎಣ್ಣೆ ಹಚ್ಚುವವಳ ಹಾಗೆ ಮಗುಚಿ ಮಗುಚಿ ಹಾಕುವಳು, ರೇಡಿಯೋಕ್ಕೆ ತುರುಕಿ ಕಿವಿ ಒತ್ತಿ ಹಿಡಿಯುವಳು. ಅದು ನಾಲ್ಕು ಮಾತಾಡಿ ಗೊರಗೊರ ಎನ್ನುವುದು. ಗಂಜಿಗೆ ಉಪ್ಪು ಬಿದ್ದರೆ ಬಿತ್ತು, ಇಲ್ಲದಿದ್ದರೆ ಇಲ್ಲ. ಯಾರೂ ಕೇಳಲಿಲ್ಲ. ಪಿಯುಸಿಯ ಇಂಗ್ಲಿಷಿನಲ್ಲಿ ಎರಡು ಸಲ ಫೇಲಾಗಿ ಮನೆಯಲ್ಲಿ ಕೂತಿದ್ದ ನನ್ನ ಪ್ರೇಮ ಚಿಕ್ಕಮ್ಮ ಒಬ್ಬಳು ಸೌದೆ ಮುಂದೆ ದೂಡುತ್ತ, ನನ್ನ ಜಡೆ ಹಾಕುತ್ತ, ಮನೆಯ ಕೆಲಸ ನಿಲ್ಲದ ಹಾಗೆ ನೋಡಿಕೊಂಡಳು.

ಸ್ವಲ್ಪ ದಿನಕ್ಕೆ ಒಬ್ಬೊಬ್ಬರೇ ತಿರುಗಿ ಬರತೊಡಗಿದರು. ಲಾರಿಗಳಲ್ಲಿ ಮರಳುಗಾಡು ದಾಟಿ, ಜೋರ್ಡಾನಿನ ಗಡಿಯಲ್ಲಿ ಡೇರೆ ಹಾಕಿ ಕಾದು, ವಿಮಾನ ಹತ್ತಿ ಬಂದವರು. ಯಾವ ಊರಿಗೆ ಒಬ್ಬ ಬಂದನೆಂದು ಕೇಳಿದರೂ ಅಜ್ಜಿ ಸೀರೆ ಬದಲಾಯಿಸುತ್ತಿದ್ದಳು. ಅಮ್ಮ, ಅಜ್ಜಿ, ನಾನು ಮೊದಲು ಹೋದದ್ದು ಬೆಳ್ತಂಗಡಿಯ ಕಡೆ. ಅಲ್ಲಿಗೆ ತಿರುಗಿ ಬಂದವನ ಪಾದಗಳು ಬಾತು ಕುಂಬಳಕಾಯಿಯಾಗಿದ್ದವು. ಅಮ್ಮನಿಗೆ ಗಂಡನ ಹೆಸರು ಹೇಳುವ ಕ್ರಮ ಇಲ್ಲ, ನನ್ನನ್ನು ಮುಂದೆ ದೂಡಿ "ಇವಳ ಅಪ್ಪ ಎಲ್ಲಿ?" ಎಂದಳು. "ಬರ್ತಾರೆ ಅಕ್ಕ, ಅಲ್ಲೇ ಎಲ್ಲಾದ್ರೂ ಇರ್ತಾರೆ" ಎಂದ ಆತ. ಅಮ್ಮ ಮತ್ತೆ ಅದನ್ನೇ ಕೇಳಿದಳು, ಆತ ಮತ್ತೆ ಅದನ್ನೇ ಹೇಳಿದ. ಆಗ ಅಜ್ಜಿ ಚಾಪೆ ಎಳೆದುಕೊಂಡು ಹತ್ತಿರ ಕೂತಳು. ಯಾರ ಲಾರಿ? ಯಾವ ಊರಿನವರು ಜೊತೆಗೆ? ಯಾವ ಡೇರೆ, ಯಾರ ಪಕ್ಕ ಮಲಗಿದ್ದು? ಆತ ಕಣ್ಣು ಮುಚ್ಚಿ ಒಂದೊಂದೇ ಮುಖ ನೆನಪು ಮಾಡಿಕೊಂಡು, ಕೊನೆಗೆ ಬೆಳುವಾಯಿಯ ಒಬ್ಬ ಕಟ್ಟಡದ ಕೆಲಸದವನ ಹೆಸರು ಹೇಳಿದ. ಅವನಿಗೆ ಅಡುಗೆಯವರ ಪರಿಚಯ ಜಾಸ್ತಿ ಅಂತೆ.

ಬೆಳುವಾಯಿಯವ ಬಂದದ್ದು ಗೊತ್ತಾದ ದಿನವೇ ಮೂಡಬಿದಿರೆಗೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಹೋದೆವು. ಅವನು ನಮ್ಮನ್ನು ನೋಡಿ ಎದ್ದು ನಿಂತ. "ಮಾಣಿಯ ಅಣ್ಣನಾ? ಕಂಡಿದ್ದೇನೆ. ಎಣ್ಣೆಯ ಖಾಲಿ ಡಬ್ಬದಲ್ಲಿ ಗಂಜಿ ಕಾಯಿಸಿ ನಮಗೆಲ್ಲ ಕೊಟ್ಟವರು ಅವರೇ" ಎಂದ. ಅಮ್ಮ ಅಲ್ಲೇ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಆಮೇಲೆ ಅವನ ದನಿ ಇಳಿಯಿತು. ಒಂದು ದಿನ ಸೀಮೆಎಣ್ಣೆಯ ಸ್ಟವ್ ಸಿಡಿಯಿತಂತೆ. ಮುಖಕ್ಕೆ, ಕೈಗೆ ಬೆಂಕಿ. ಯಾವುದೋ ಆಸ್ಪತ್ರೆಯ ಗಾಡಿ ಬಂದು ಹಾಕಿಕೊಂಡು ಹೋಯಿತಂತೆ.

"ಯಾವ ಗಾಡಿ?" ಎಂದಳು ಅಜ್ಜಿ.

"ಬಿಳಿ ಗಾಡಿ ಅಮ್ಮ. ಅಲ್ಲಿ ಎಲ್ಲ ಬಿಳಿಯೇ."

"ಯಾವ ಆಸ್ಪತ್ರೆ? ಯಾವ ದಾರಿಯಲ್ಲಿ ಹೋಯಿತು? ಡೇರೆ ಇದ್ದದ್ದು ಯಾವ ಊರಲ್ಲಿ?"

"ಮರಳಿನಲ್ಲಿ ಊರಿಗೆ ಹೆಸರು ಉಂಟಾ ಅಮ್ಮ? ಈ ಕಡೆ ನೋಡಿದ್ರೂ ಮರಳು, ಆ ಕಡೆ ನೋಡಿದ್ರೂ ಮರಳು."

ಅಜ್ಜಿಯ ಪ್ರಶ್ನೆಗಳೆಲ್ಲ ಊರಿಗೆ, ಮನೆಗೆ, ತಾಯಿಯ ತಾಯಿಗೆ ಕಟ್ಟಿದ ಹಗ್ಗಗಳು. ಕಟ್ಟಲಿಕ್ಕೆ ಒಂದು ಗೂಟವೂ ಇಲ್ಲದ ಜಾಗ ಭೂಮಿಯ ಮೇಲೆ ಉಂಟೆಂದು ಅವಳಿಗೆ ಅವತ್ತೇ ತಿಳಿದದ್ದು. ವಾಪಸು ಬರುವಾಗ ಬಸ್ಸಿನಲ್ಲಿ ಪಕ್ಕಕ್ಕೆ ಕೂತ ಹೆಂಗಸು ಕುಶಾಲಿಗೆ ಮಾತಾಡಿಸಿದರೂ ಅಜ್ಜಿ ಯಾವ ಊರು ಎಂದು ಕೇಳಲಿಲ್ಲ.

ಮನೆಗೆ ಬಂದವಳೇ ಅಮ್ಮ ಚೀಲವನ್ನು ಅಡುಗೆಮನೆಯ ನೆಲಕ್ಕೆ ಬಿಸಾಡಿದಳು. ಅವಳು ಜೋರಾಗಿ ಮಾತಾಡಿದ್ದನ್ನು ನಾನು ಮೊದಲ ಬಾರಿ ಕೇಳಿದ್ದು.

"ದಾರಿಯಲ್ಲಿ ಹೋಗುವವರ ಏಳು ತಲೆಮಾರು ಕೇಳ್ತಿ. ಇದೇ ಜಗಲಿಯಿಂದ ಇಳಿದು ಹೋದವರನ್ನು ಒಂದು ಮಾತು ಕೇಳ್ಲಿಕ್ಕೆ ನಿನ್ನ ಶಾಸ್ತ್ರ ಬಿಡ್ಲಿಲ್ಲ. ಮಗು ಕೇಳಿದಾಗ ಚಿವುಟಿದಿ. ನಾನು ನೋಡಿದ್ದೇನೆ ಅಮ್ಮ, ನೋಡಿದ್ದೇನೆ!"

"ಒಳ್ಳೇದಾಗ್ಲಿ ಅಂತ ಮಾಡಿದ್ದು."

"ಆಯಿತಲ್ಲ ಒಳ್ಳೇದು!"

ಅಜ್ಜಿ ಹರಿವಾಣದ ಎಲೆಗಳನ್ನು ಸರಿ ಮಾಡಿದಳು, ತಿರುಗಿ ಅದನ್ನೇ ಸರಿ ಮಾಡಿದಳು. ಅವತ್ತಿನಿಂದ ತಾಯಿ ಮಗಳು ಒಂದೇ ಒಲೆಯ ಎರಡು ಬದಿಯಲ್ಲಿ ಕೂತು ನನ್ನ ಮೂಲಕ ಮಾತಾಡುತ್ತಿದ್ದರು. "ನಿನ್ನ ಅಜ್ಜಿಗೆ ಗಂಜಿ ಬೇಕಾ ಕೇಳು." "ಬೇಡ ಅಂತ ಹೇಳು."

ಹಾಗಿರುವಾಗ ಒಂದು ಮಧ್ಯಾಹ್ನ ಹಸನಾಕ ಲುಂಗಿ ಎತ್ತಿ ಕಟ್ಟಿಕೊಂಡು ಓಡಿ ಬಂದರು. ಅಂಗಡಿಗೆ ಫೋನು ಬಂದಿತ್ತಂತೆ. ಯಾರೋ ಹೆಂಗಸು, ಬರೀ ಇಂಗ್ಲಿಷು. ಅಪ್ಪನ ಹೆಸರು ಹೇಳಿದಳು, ಮಾಣಿ ಎಂದಳು, ಹಾಸ್ಪಿಟಲ್ ಎಂದಳು, ನಾಳೆ ಬೆಳಿಗ್ಗೆ ಮತ್ತೆ ಮಾಡುತ್ತೇನೆ ಎಂದಳು. ಉಳಿದದ್ದು ಅವರಿಗೆ ಅರ್ಥವಾಗಲಿಲ್ಲ. ಅಪ್ಪನಿಗೆ ಬಾಯಿಪಾಠ ಇದ್ದ ನಂಬರು ಅವರ ಅಂಗಡಿಯದ್ದೊಂದೇ.

"ನಾಳೆಗೆ ನಮ್ಮ ಊರಿನ ಡಾಕ್ಟ್ರನ್ನು ಕರೀಲಾ ಅಮ್ಮ? ಅವರಿಗೆ ಇಂಗ್ಲಿಷು ನೀರು ಕುಡಿದ ಹಾಗೆ."

"ಬೇಡ," ಎಂದಳು ಅಜ್ಜಿ. "ಡಾಕ್ಟರು ಒಂದು ಸಲ ಕೇಳ್ತಾರೆ, ಗೊತ್ತಾಗದಿದ್ರೆ ಥ್ಯಾಂಕ್ಯೂ ಅಂತ ಇಡ್ತಾರೆ. ಅವರಿಗೆ ಅದು ಬೇರೆಯವರ ಮನೆಯ ಗಂಡಸು. ಬಿಡದೆ ಕೇಳುವವರು ಬೇಕು. ನಮ್ಮ ಮನೆಯವರೇ ಕೇಳಬೇಕು."

ಇದು ಹಟವೋ, ಹುಚ್ಚೋ, ಇವತ್ತಿಗೂ ನನಗೆ ಗೊತ್ತಿಲ್ಲ. ಎಲ್ಲರೂ ಪ್ರೇಮ ಚಿಕ್ಕಮ್ಮನನ್ನು ನೋಡಿದೆವು. ಅವಳು ಗೋಡೆಗೆ ಅಂಟಿಕೊಂಡಳು. "ನನ್ನಿಂದ ಆಗುವುದಿಲ್ಲ. ಇಂಗ್ಲಿಷು ಅಂದ್ರೆ ನನ್ನ ನಾಲಿಗೆ ಒಣಗ್ತದೆ. ಇದರಲ್ಲಿ ನಾನು ಮೂರನೇ ಸಲ ಫೇಲಾದ್ರೆ ಅಕ್ಕನ ಮುಖ ಹೇಗೆ ನೋಡ್ಲಿ? ಇವಳಿಗೆ ಬಾಯಿ ಉಂಟು. ಇವಳಿಗೆ ಕಲಿಸ್ತೇನೆ." ನಾನಾಗ ಕನ್ನಡ ಶಾಲೆಯ ಏಳನೇ ಕ್ಲಾಸು. ನನ್ನ ಇಂಗ್ಲಿಷಿನಲ್ಲಿ ಒಂದು ಹಸು, ಒಂದು ಮಾವಿನ ಮರ, ಒಂದು ರಜೆ ಅರ್ಜಿ ಇದ್ದವು.

ಆ ಸಂಜೆ ಅಡುಗೆಮನೆಯಲ್ಲಿ ಪಾಠ. ಅಮ್ಮ ಪತ್ರೊಡೆಗೆ ಕೆಸುವಿನ ಎಲೆಯ ನಾರು ತೆಗೆಯುತ್ತಿದ್ದಳು. ಅದು ಯಾರಿಗೂ ಬೇಕಾಗಿರಲಿಲ್ಲ, ಅವಳ ಕೈಗೆ ಕೆಲಸ ಬೇಕಾಗಿತ್ತು. ಚಿಕ್ಕಮ್ಮ ತನ್ನ ಹಳೇ ಗೈಡ್ ಪುಸ್ತಕ ಬಿಡಿಸಿದಳು. "ವೇರ್ ಈಸ್, ಹೌ ಈಸ್, ಇದೆಲ್ಲ ಕೇಳಿದ್ರೆ ಆಕೆ ಉದ್ದ ಉದ್ದ ಹೇಳ್ತಾಳೆ, ನಿಂಗೆ ಹಿಡಿಯುವುದಿಲ್ಲ. ವಿಚ್, ವಾಟ್, ಹೂಸ್. ಇದರ ಹಿಂದೆ ಒಂದು ನೌನ್ ಹಾಕು. ವಿಚ್ ಹಾಸ್ಪಿಟಲ್? ಆಗ ಆಕೆಗೆ ಒಂದೇ ಶಬ್ದ ಹೇಳಬೇಕಾಗ್ತದೆ."

"ನೌನು ಅಂದ್ರೆ ಎಂತದು?" ಅಜ್ಜಿ ಕತ್ತಲ ಮೂಲೆಯಿಂದ ಕೇಳಿದಳು.

"ಹೆಸರು ಅಮ್ಮ. ಜನ, ಜಾಗ, ವಸ್ತು."

"ನಾನು ಹುಟ್ಟಿದಾಗಿಂದ ಹೇಳ್ತಾ ಬಂದದ್ದು ಅದನ್ನೇ ಅಲ್ವಾ? ನಿನ್ನನ್ನು ಫೇಲ್ ಮಾಡಿದವ ಯಾವ ಊರಿನವ?"

ಚಿಕ್ಕಮ್ಮನಿಗೆ ನಗು ತಡೆಯಲಾಗಲಿಲ್ಲ. ನನಗೂ. ಅಮ್ಮ ನಗಲಿಲ್ಲ, ಆದರೆ ಎಲೆ ಕೆಳಗಿಟ್ಟು ಹತ್ತಿರ ಬಂದು ಕೂತಳು. ಅಲ್ಲಿಂದ ಪ್ರಶ್ನೆಗಳನ್ನು ಅಜ್ಜಿ ತುಳುವಿನಲ್ಲಿ ಹೇಳುವುದು, ಚಿಕ್ಕಮ್ಮ ಇಂಗ್ಲಿಷಿಗೆ ತಿರುಗಿಸುವುದು, ನಾನು ಬಾಯಿಪಾಠ ಮಾಡುವುದು. ವಿಚ್ ಟೌನ್. ವಿಚ್ ಹಾಸ್ಪಿಟಲ್. ವಿಚ್ ವಾರ್ಡ್. ವಾಟ್ ಬೆಡ್ ನಂಬರ್. ವಾಟ್ ಡಾಕ್ಟರ್. ಕೊನೆಗೆ ಅಜ್ಜಿ ಒಂದು ಸೇರಿಸಿದಳು: ಯಾವ ಮನೆಯವನು? "ಹೆಸರು ಎಷ್ಟು ಜನರಿಗೆ ಇರ್ತದೆ. ಮಾಣಿಯಿಂದ ಎಷ್ಟು ಜನ ಹೋಗಿದ್ದಾರೆ. ಮನೆ ಒಂದೇ ಇರುವುದು. ಅವನೇ ಹೌದಾ ಅಂತ ನಮಗೆ ಗೊತ್ತಾಗಬೇಕು." ವಿಚ್ ಹೌಸ್.

ಮರುದಿನ ಅಂಗಡಿ ತೆಗೆಯುವ ಮೊದಲೇ ನಾವು ನಾಲ್ಕೂ ಜನ ಅಲ್ಲಿದ್ದೆವು. ಹಸನಾಕ ಅರ್ಧ ಬಾಗಿಲು ಹಾಕಿ, ಬಂದವರನ್ನೆಲ್ಲ "ಸಕ್ಕರೆ ಇಲ್ಲ, ಅವಲಕ್ಕಿ ಇಲ್ಲ, ಇವತ್ತು ಏನೂ ಇಲ್ಲ ಮಾರಾಯ್ರೇ" ಎಂದು ಅಟ್ಟುತ್ತಿದ್ದರು. ಕರಿ ಫೋನು ಬೀಡಿಕಟ್ಟುಗಳ ನಡುವೆ ಕೂತಿತ್ತು. ನನ್ನನ್ನು ಅಕ್ಕಿಮೂಟೆಯ ಮೇಲೆ ಕೂರಿಸಿ, ಒಂದು ಬದಿಗೆ ಚಿಕ್ಕಮ್ಮ ಪೆನ್ಸಿಲು ಹಿಡಿದು, ಇನ್ನೊಂದು ಬದಿಗೆ ಅಜ್ಜಿ. ಅಮ್ಮ ಫೋನನ್ನು ನೋಡಲಾರದೆ ಬೆನ್ನು ಹಾಕಿ ನಿಂತಿದ್ದಳು. ಅದು ಹೊಡೆದುಕೊಂಡದ್ದೇ ನಾನು ಎರಡೂ ಕೈಯಲ್ಲಿ ಎತ್ತಿ ಕಿವಿಗೆ ಒತ್ತಿದೆ.

ಒಂದು ಹೆಂಗಸಿನ ಸ್ವರ, ಬಹಳ ದೂರದ್ದು, ಹಿಂದೆ ಗಾಳಿಯ ಹಾಗೆ ಸದ್ದು. ಅವಳು ಮಾತಾಡಿದಳು, ಮಾತಾಡಿದಳು. ನಾನು ಮುಳುಗಿದೆ. ಹಸು, ಮಾವಿನ ಮರ, ರಜೆ ಅರ್ಜಿ ಯಾವುದೂ ಅಲ್ಲಿ ಇರಲಿಲ್ಲ. ನಿನ್ನೆ ಕಲಿತದ್ದೆಲ್ಲ ತೊಳೆದು ಹೋಗಿ ನಾನು "ಎಸ್, ಎಸ್" ಎನ್ನತೊಡಗಿದೆ. ಆಗ ತೊಡೆಯ ಅದೇ ಜಾಗವನ್ನು ಅಜ್ಜಿಯ ಬೆರಳುಗಳು ಹಿಡಿದು ತಿರುಪಿದವು.

"ಕೇಳು," ಎಂದಳು.

"ವಿಚ್ ಟೌನ್?" ಎಂದು ಕಿರುಚಿದೆ.

ಆಮೇಲೆ ಅವಳ ಮಾತು ನಿಧಾನವಾಯಿತು, ಎದುರಿಗಿರುವುದು ಮಗು ಎಂದು ಗೊತ್ತಾಯಿತೋ ಏನೋ. ಊರಿನ ಹೆಸರು ಹೇಳಿದಳು. ವಿಚ್ ಹಾಸ್ಪಿಟಲ್? ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು, ನಾನು ಗಟ್ಟಿಯಾಗಿ ಹೇಳಿದ ಹಾಗೆಲ್ಲ ಚಿಕ್ಕಮ್ಮ ಬೆಲ್ಲದ ಪೊಟ್ಟಣದ ಕಾಗದದಲ್ಲಿ ಬರೆದುಕೊಂಡಳು. ವಾರ್ಡು ಸಿಕ್ಕಿತು. ಮಂಚದ ನಂಬರು ಸಿಕ್ಕಿತು. ಡಾಕ್ಟರ ಹೆಸರು ಅರ್ಧ ಸಿಕ್ಕಿತು. ಕೊನೆಯದಾಗಿ ನಾನು "ವಿಚ್ ಹೌಸ್?" ಎಂದೆ. ಅವಳಿಗೆ ಅರ್ಥವಾಗಲಿಲ್ಲ. "ಮೈ ಫಾದರ್. ವಿಚ್ ಹೌಸ್? ಆಸ್ಕ್," ಎಂದೆ. "ವೇಟ್," ಎಂದಳು. ಅವಳ ಚಪ್ಪಲಿಯ ಸದ್ದು ದೂರ ಹೋಯಿತು. ನಾವು ಕಾದೆವು. ಎಲ್ಲಿಂದಲೋ ಒಂದು ಬಾಗಿಲು ಬಡಿದುಕೊಂಡಿತು. ಆಮೇಲೆ ಕೊರ್ ಎಂದು ಸದ್ದಾಗಿ ಲೈನು ಕಡಿದು ಹೋಯಿತು.

ಅಮ್ಮ ತಿರುಗಿದಳು. "ಹೇಗಿದ್ದಾರಂತೆ?"

ನಾನು ಚಿಕ್ಕಮ್ಮನನ್ನು ನೋಡಿದೆ. ಚಿಕ್ಕಮ್ಮ ಪೊಟ್ಟಣದ ಕಾಗದವನ್ನು ನೋಡಿದಳು. ಹೇಗಿದ್ದಾರೆ ಎಂದು ನಾವು ಕೇಳಿರಲೇ ಇಲ್ಲ.

"ಮಂಚದ ನಂಬರು ಕೇಳಿದಿರಿ, ಡಾಕ್ಟರ ಹೆಸರು ಕೇಳಿದಿರಿ, ಜೀವ ಉಂಟಾ ಅಂತ ಕೇಳ್ಲಿಲ್ವಾ?" ಅಮ್ಮ ಮೂಟೆಗಳ ಸಂದಿಯಲ್ಲಿ ಕುಸಿದು ಕೂತಳು. ಬಾಯಿಗೆ ಸೆರಗು ತುರುಕಿಕೊಂಡರೂ ಅವಳ ಅಳು ರಸ್ತೆಗೆ ಕೇಳುತ್ತಿತ್ತು. ಹಸನಾಕ ಪೂರ್ತಿ ಬಾಗಿಲು ಹಾಕಿದರು. ಆ ಕತ್ತಲಲ್ಲಿ, ಎಷ್ಟೋ ದಿನಗಳ ಮೇಲೆ, ಅಜ್ಜಿ ನೇರವಾಗಿ ಮಗಳ ಹತ್ತಿರ ಮಾತಾಡಿದಳು.

"ನೋಡು ಮಗಾ. ಆಕೆ ವೇಟ್ ಅಂದ್ಲು. ಅಂದ್ರೆ ಕೇಳ್ಲಿಕ್ಕೆ ಹೋದಳು. ಯಾರ ಹತ್ರ ಕೇಳ್ಲಿಕ್ಕೆ? ಹೆಣದ ಹತ್ರ ಯಾರಾದ್ರೂ ಯಾವ ಮನೆ ಅಂತ ಕೇಳ್ತಾರಾ?"

ಅಮ್ಮ ಒಪ್ಪಲಿಲ್ಲ, ಒಪ್ಪದೆ ಇರಲೂ ಇಲ್ಲ. ಆ ಒಂದು ಮಾತನ್ನು ಕೈಯಲ್ಲಿ ಹಿಡಿದುಕೊಂಡು, ಒಲೆದಂಡೆಯ ಸೆಲ್ಲುಗಳ ಹಾಗೆ ಮಗುಚಿ ಮಗುಚಿ ಬೆಚ್ಚಗಿಟ್ಟುಕೊಂಡು ನಾವು ಬದುಕಿದೆವು. ಫೋನು ಮತ್ತೆ ಬರಲಿಲ್ಲ. ಹಸನಾಕ ಪೊಟ್ಟಣದ ಕಾಗದದಲ್ಲಿದ್ದದ್ದನ್ನೆಲ್ಲ ಬೊಂಬಾಯಿಯಲ್ಲಿದ್ದ ತಮ್ಮ ಭಾವನಿಗೆ ಹೇಳಿದರು; ಅವರು ಅಲ್ಲಿ ಸರಕಾರದ ಆಫೀಸುಗಳ ಮೆಟ್ಟಿಲು ಹತ್ತಿಳಿದರು. ಎಲ್ಲಿ ಎಂದು ಕೇಳಿಕೊಂಡು ಬಂದವರ ಸಾಲು ಉದ್ದ ಇತ್ತಂತೆ. ಯಾವ ಆಸ್ಪತ್ರೆ, ಯಾವ ಮಂಚ ಎಂದು ಹೇಳಿದವರ ಕೆಲಸ ಬೇಗ ಆಯಿತಂತೆ. ಬೇಗ ಎಂದರೂ ಗದ್ದೆಯಲ್ಲಿ ಪೈರು ಕೊಯ್ಲಿಗೆ ಬಂತು. ಅಮ್ಮನ ಕೆನ್ನೆ ಒಳಗೆ ಹೋಯಿತು. ನಾನು ಶಾಲೆಯಲ್ಲಿ ಇಂಗ್ಲಿಷ್ ಪುಸ್ತಕ ತೆರೆದರೆ ಬೆವರುತ್ತಿದ್ದೆ.

ಅಪ್ಪ ಒಂದು ಹಗಲು, ಹಸನಾಕನ ಭಾವನ ಜೊತೆ, ಮಾಣಿಯಲ್ಲಿ ಬಸ್ಸಿನಿಂದ ಇಳಿದರು. ಮುಖದ ಒಂದು ಬದಿ ನನಗೆ ಗೊತ್ತಿದ್ದದ್ದು, ಇನ್ನೊಂದು ಬದಿ ಗೊತ್ತಿಲ್ಲದ್ದು. ಬಲಗೈಯ ಬೆರಳುಗಳು ಒಂದಕ್ಕೊಂದು ಅಂಟಿದ್ದವು. ಅಮ್ಮ ಆ ಕೈಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಬಿಡಲೇ ಇಲ್ಲ. ಅಜ್ಜಿ ಬೆಲ್ಲ ಕೊಟ್ಟಳು, ಚೆಂಬು ಎತ್ತಿ ತಾನೇ ಬಾಯಿಗೆ ನೀರು ಹೊಯ್ದಳು. ಏನೂ ಕೇಳಲಿಲ್ಲ. ಅಪ್ಪನೇ ಒರಟಾದ ಸ್ವರದಲ್ಲಿ ಹೇಳಿದರು:

"ನರ್ಸಮ್ಮ ಬಂದು ವಿಚ್ ಹೌಸ್ ಅಂತ ಕೇಳಿದ್ಲು ಅತ್ತೆ. ಅವಳ ಬಲವಂತಕ್ಕೆ ನಂಬರು ಹೇಳಿದ್ದೆ ಅಷ್ಟೇ, ಅಲ್ಲಿಯವರೆಗೆ ನಂಗೆ ಯಾರದ್ದೂ ನೆನಪು ಬೇಡ ಅನ್ನಿಸಿತ್ತು. ಯಾವ ಮನೆ ಅಂತ ಕೇಳುವವರು ಇಡೀ ಪ್ರಪಂಚದಲ್ಲಿ ಒಬ್ರೇ ಅಲ್ವಾ. ಫೋನಿನ ಆ ತುದಿಯಲ್ಲಿ ನೀವಿದ್ದೀರಿ ಅಂತ ಗೊತ್ತಾಯ್ತು. ಹೇಳಿದೆ. ಅಷ್ಟರಲ್ಲಿ ಲೈನು ಹೋಗಿತ್ತಂತೆ."

ಎಷ್ಟೋ ಕಾಲ ಅಪ್ಪ ಅಂಗಳ ದಾಟಲಿಲ್ಲ. ಒಲೆ ಹೊತ್ತಿಸಿದರೆ ಎದ್ದು ಹೊರಗೆ ಹೋಗುತ್ತಿದ್ದರು. ಬಂದವರು ಮುಖ ನೋಡಿ ನೋಟ ತಪ್ಪಿಸಿದರೆ ಒಳಕೋಣೆಗೆ ಸೇರುತ್ತಿದ್ದರು. ಕೊನೆಗೆ ಒಂದು ಬೆಳಿಗ್ಗೆ, ತಾನಾಗಿಯೇ ಬಿಳಿ ಅಂಗಿ ಹಾಕಿ, ಎಡಗೈಯಲ್ಲಿ ಕೊಡೆ ಹಿಡಿದು ಚಪ್ಪಲಿ ಮೆಟ್ಟಿದರು. ಅಮ್ಮ ಬಾಗಿಲಲ್ಲಿ ಚೆಂಬು ಹಿಡಿದಿದ್ದಳು. ಅಪ್ಪ ಮೆಟ್ಟಿಲು ಇಳಿದು ಅಂಗಳದ ನಡುವಿಗೆ ಬಂದರು.

"ಎಲ್ಲಿಗೆ?" ಎಂದು ಕೇಳಿತು, ಗಟ್ಟಿಯಾಗಿ.

ಕೇಳಿದವಳು ಅಜ್ಜಿ. ಹರಿವಾಣ ದೂಡಿ, ಕಂಬ ಹಿಡಿದು ಎದ್ದು ನಿಂತಿದ್ದಳು. ಅಪ್ಪ ತಿರುಗಿ ನೋಡಿದರು. ಮುಖದ ಎರಡೂ ಬದಿಯಲ್ಲಿ ಒಟ್ಟಿಗೆ ನಗು ಬಂದದ್ದನ್ನು ಆಗಲೇ ನಾನು ಮೊದಲು ನೋಡಿದ್ದು. ಕ್ರಮದ ಪ್ರಕಾರ ಅವರು ವಾಪಸು ಬಂದು, ಚಪ್ಪಲಿ ಕಳಚಿ, ಜಗಲಿಯಲ್ಲಿ ಕೂತು, ಅಮ್ಮನ ಕೈಯಿಂದ ನೀರು ಇಸಿದುಕೊಂಡು ಕುಡಿದರು.

"ವಿಟ್ಲಕ್ಕೆ ಅತ್ತೆ. ಅಲ್ಲಿ ಒಂದು ಅಂಗಡಿಯಲ್ಲಿ ಕೆಲಸ ಉಂಟಂತೆ."

"ಯಾವ ಬಸ್ಸು?"

"ಕಲ್ಲಡ್ಕದವರೆಗೆ ಯಾವುದಾದ್ರೂ. ಅಲ್ಲಿಂದ ವಿಟ್ಲದ್ದು."

"ಯಾರ ಅಂಗಡಿ?" ಈಗ ಕೇಳಿದ್ದು ಅಮ್ಮ. ಅವಳು ಮೆಟ್ಟಿಲ ಮೇಲೆ, ಅಪ್ಪನ ಕಾಲ ಹತ್ತಿರ ಕೂತಿದ್ದಳು. "ಯಾವ ಬೀದಿ? ಯಾರ ಜೊತೆ ಮಾತು? ಬರುವುದು ಯಾವ ಹೊತ್ತು?"

ಅಪ್ಪ ಒಂದೊಂದಕ್ಕೂ ಉತ್ತರ ಕೊಟ್ಟರು, ಹಿಂದೆ ಕೊಡದೆ ಉಳಿದದ್ದನ್ನೂ ಸೇರಿಸಿ ಕೊಡುವವರ ಹಾಗೆ. ಅಷ್ಟರಲ್ಲಿ ಜಂಕ್ಷನ್ನಿನಲ್ಲಿ ಬಸ್ಸು ಬಂದು, ಹಾರ್ನ್ ಹಾಕಿ, ಹೋಯಿತು. ಯಾರೂ ಏಳಲಿಲ್ಲ. ಅಮ್ಮನಿಗೆ ಕೇಳಲಿಕ್ಕೆ ಇನ್ನೂ ಇತ್ತು.